ಗಾಜಿನ ಮೇಲಿನ ನೊಣ

ಜುಲೈ 8, ಸೋಮವಾರ

ಇವತ್ತೂ ಕಸ ಆರಿಸುವ ಕೆಲಸ. ಮಾರ್ಚ್ ತಿಂಗಳ ಡೇಟಾ ತುಂಬ ಮೊಬೈಲ್ ಟವರು, ವಿಮಾನ, ಯಾರದೋ ವಾಕಿಟಾಕಿ. ರೇಡಿಯೋ ದೂರದರ್ಶಕಕ್ಕೆ ಆಕಾಶವೂ ಒಂದೇ, ಊರ ಗದ್ದಲವೂ ಒಂದೇ, ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. ಒಂದೊಂದನ್ನೇ ಗುರುತಿಸಿ ತೆಗೆಯಬೇಕು. ಅವ್ವ ತಿಕೋಟಾದ ಶೆಡ್ಡಿನಲ್ಲಿ ಕೂತು ಒಣದ್ರಾಕ್ಷಿಯೊಳಗಿನ ಕಡ್ಡಿ, ಹರಳು, ಕೊಳೆತದ್ದು ಆರಿಸುತ್ತಾಳೆ. ನಾನು ವಿಜಯಪುರದ ಕಾಲೇಜಿನ ಲ್ಯಾಬಿನಲ್ಲಿ ಕೂತು ಅದನ್ನೇ ಮಾಡುತ್ತೇನೆ. ಬೆನ್ನು ನೋಯುವುದು ಇಬ್ಬರಿಗೂ ಒಂದೇ ಕಡೆ.

ಸಂಜೆ 4.20

ಒಂದು ಇದೆ. ಚಾನೆಲ್ 2217. ಕಸವಲ್ಲ!

ಧನು ರಾಶಿಯ ಕಡೆಯ ಮೋಡ ಅದು. ನಕ್ಷತ್ರಗಳು ಹುಟ್ಟುತ್ತಿರುವ ಜಾಗ. ಪ್ರತಿಯೊಂದು ಅಣುವಿಗೂ ಅದರದೇ ಆವರ್ತನ. ಅಲ್ಲಿ ಗ್ರಾಫು ಉಬ್ಬಿದರೆ ಆ ಅಣು ಆ ಮೋಡದಲ್ಲಿದೆ ಎಂದರ್ಥ. ನಾವು ಅದನ್ನು ಗೆರೆ ಅನ್ನುತ್ತೇವೆ. ಹತ್ತು ಪರಮಾಣುಗಳ ಅಣು, ಆ ಮೋಡದಲ್ಲಿ ಇದುವರೆಗೆ ಯಾರೂ ಕಂಡಿಲ್ಲದ್ದು, ಎಲ್ಲಿ ಉಬ್ಬಬೇಕೋ ಅಲ್ಲೇ ಉಬ್ಬಿದೆ. ಸಣ್ಣದು. ಆದರೆ ಇದೆ. ಮೂರು ಸಲ ಲೆಕ್ಕ ಹಾಕಿದೆ, ನಾಲ್ಕನೇ ಸಲವೂ ಹಾಕಿದೆ. ಊಟ ಮಾಡಿಲ್ಲ ಅಂತ ಈಗ ನೆನಪಾಯಿತು.

ಜುಲೈ 9

ಶರ್ವರಿಗೆ ಹೇಳಿದೆ. ನನ್ನ ಜೊತೆಗೇ ಪಿಎಚ್.ಡಿ. ಮಾಡುವವಳು, ನಮ್ಮ ಗೈಡ್ ಸುಶೀಲೇಂದ್ರ ಸರ್ ಅವರ ಅಣ್ಣನ ಮಗಳು. ಸ್ಟೇಷನ್ ರಸ್ತೆಯ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತಿದ್ದವಳು ಅರ್ಧ ಮಿರ್ಚಿ ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತಳು.

"ಖರೇನ? ನನ್ನ ಆಣಿ ಮಾಡಿ ಹೇಳು!"

"ನಿನ್ನಾಣಿ."

"ಪೇಪರ್‌ದಾಗ ಮೊದಲನೇ ಹೆಸರು ನಿಂದ ಇರ್ತದ ನೋಡು. ಪುಣೆದ ಸೀಟು ನಿಂಗ ಸಿಕ್ಕಂಗೇ."

ಪುಣೆಯ ಸೀಟು. ಮೂರು ವರ್ಷದ ಸಂಶೋಧನಾ ಹುದ್ದೆ. ನಮ್ಮ ಕಡೆಯಿಂದ ತೆಗೆದುಕೊಳ್ಳುವುದು ಒಬ್ಬರನ್ನೇ. ಪೇಪರಿನಲ್ಲಿ ಮೊದಲ ಹೆಸರು ಇರಲೇಬೇಕು. ಶರ್ವರಿಯೂ ಅರ್ಜಿ ಹಾಕುವವಳೇ. ಆದರೂ ನನಗಿಂತ ಅವಳೇ ಹೆಚ್ಚು ಕುಣಿದಳು. ಬಿಲ್ಲು ಕೊಡಲಿಕ್ಕೂ ಬಿಡಲಿಲ್ಲ.

ಜುಲೈ 15

ಬರೆಯುವುದು ಬೇಡ ಅಂದುಕೊಂಡೆ. ಬರೆಯದಿದ್ದರೆ ಎದೆ ಒಡೆಯುತ್ತದೆ.

ಜೋರಾಪುರ ಪೇಟೆ, ಸರ್ ಮನೆ. ಪ್ರಿಂಟು ತೆಗೆದುಕೊಂಡು ಹೋಗಿದ್ದೆ. ಸರ್ ಅವರ ತಾಯಿ ಆನಂದೀಬಾಯಿ ಚಹಾ ತಂದರು. ಸರ್‌ಗೆ ಸ್ಟೀಲಿನ ಕಪ್ಪು, ಶರ್ವರಿಗೆ ಸ್ಟೀಲಿನ ಕಪ್ಪು. ನನಗೆ ಕಾಗದದ್ದು. ಎರಡು ವರ್ಷದಿಂದ ಹೀಗೇ. ಅಡುಗೆಮನೆಯಲ್ಲಿ ನನ್ನೊಬ್ಬಳಿಗಾಗಿ ಕಾಗದದ ಕಪ್ಪಿನ ಕಟ್ಟು ತಂದಿಟ್ಟಿದ್ದಾರೆ. ಪ್ರೀತಿಯಿಂದಲೇ ಕೊಡುತ್ತಾರೆ ಮುದುಕಿ. ಪ್ರೀತಿಗೇನು ಕಮ್ಮಿ ಇಲ್ಲ!

ಸರ್ ಗ್ರಾಫನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ನು ತೆಗೆದು ಮೇಲೆ ಹೆಸರು ಬರೆದರು. ಮೊದಲು ಶರ್ವರಿ. ಆಮೇಲೆ ತಾವು.

"ಸರ್, ನಂದು..."

"ನಿಂದು ಆಭಾರದಾಗ ಇರ್ತದವಾ. ಡೇಟಾ ಸ್ವಚ್ಛ ಮಾಡಿ ಕೊಟ್ಟೀಯಲ್ಲ, ಅದನ್ನ ಬರೀತೀವಿ."

"ಗೆರಿ ಕಂಡ ಹಿಡದದ್ದು ನಾನ್ರಿ ಸರ್."

"ಕಾಣೂದು ಬ್ಯಾರೆ, ಕಂಡದ್ದು ಏನಂತ ತಿಳಿಯೂದು ಬ್ಯಾರೆ. ನಿಮ್ಮಂಥವರಿಗೆ ಸೀಟು ಹ್ಯಾಂಗಾರ ಸಿಗ್ತಾವ. ಇಕಿಗೆ ಯಾರು ಕೊಡ್ತಾರ?"

ನಿಮ್ಮಂಥವರಿಗೆ. ಗೆದ್ದಲು ಕಟ್ಟಿದ ಹುತ್ತದೊಳಗೆ ಹಾವು ಹೊಕ್ಕು ಕೂತಿತು, ಮೇಲೆ ಗೆದ್ದಲಿಗೇ ಬುದ್ಧಿ ಹೇಳುತ್ತದೆ. ಶರ್ವರಿ ತಲೆ ತಗ್ಗಿಸಿ ಕಪ್ಪಿನ ಅಂಚು ತಿರುವುತ್ತಾ ಕೂತಿದ್ದಳು. ಒಂದೇ ಒಂದು ಮಾತು ಆಡಿದ್ದರೂ ಸಾಕಿತ್ತು ನನಗೆ.

ಕಾಗದದ ಕಪ್ಪನ್ನು ಮುದುರಿ ಬ್ಯಾಗಿಗೆ ಹಾಕಿಕೊಂಡು ಬಂದೆ. ಯಾಕೆಂದು ಗೊತ್ತಿಲ್ಲ. ಈಗ ಮೇಜಿನ ಮೇಲಿದೆ.

ಆಗಸ್ಟ್ 14, ಬುಧವಾರ

ಬಬಲೇಶ್ವರದ ಹೈಸ್ಕೂಲಿನಲ್ಲಿ ಸರ್ ಉಪನ್ಯಾಸ. 'ನಾವು ಕಂಡ ಹೊಸ ಅಣು'. ಪ್ರೊಜೆಕ್ಟರ್ ಹೊತ್ತವಳು ನಾನು. ಆ ಶಾಲೆಯ ಸಿಪಾಯಿ ದೇವಾನಂದ, ನನ್ನಪ್ಪ. ಸರ್‌ಗೆ ಅದು ಗೊತ್ತು. ನಾನೇ ಪರಿಚಯ ಮಾಡಿಸಿದ್ದೆ.

ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಸರ್ ಮುಂದೆ ನೀರಿನ ಗ್ಲಾಸು ಇಟ್ಟು, ಗೋಡೆಗೆ ಆತು ನಿಂತ. ನನ್ನ ಹೆಸರು ಈಗ ಬರುತ್ತದೆ, ಈಗ ಬರುತ್ತದೆ ಅಂತ ಕಾದ. ಐವತ್ತು ನಿಮಿಷ. ಬರಲಿಲ್ಲ. ಕೊನೆಗೆ ಸರ್ ಅಂದದ್ದು, "ಏ ಸಿಪಾಯಿ, ಫ್ಯಾನ್ ಸಣ್ಣ ಮಾಡೋ."

ಅಪ್ಪ ಫ್ಯಾನು ಸಣ್ಣ ಮಾಡಿದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಸಂಜೆ ನಮ್ಮೂರು ಘೋಣಸಗಿಗೆ ಹೋಗುವಾಗ ಬಸ್ಸಿನಲ್ಲಿ ಕೇಳಿದ. "ಅದು ನೀ ಹುಡಕಿದ್ದಂದಿದ್ದಿ ಅಲ್ಲ ಬೇ?"

"ಇಲ್ಲಪ್ಪ. ನಾ ಬರೇ ಕೈ ಜೋಡಿಸಿದ್ದೆ."

"ಹೌದ? ಇರ್ಲಿ ತಗೋ. ಮುಂದ ನೀನೂ ಒಂದು ಹುಡಕ್ತಿ."

ಕಿಟಕಿಯ ಕಡೆ ಮುಖ ಮಾಡಿ ಕೂತೆ. ತಿಕೋಟಾ ಬರುವವರೆಗೂ ತಿರುಗಲಿಲ್ಲ. ಇದಕ್ಕೆ ಆ ಮನುಷ್ಯ ಅನುಭವಿಸಬೇಕು. ನಾನು ದೇವರಿಗೆ ಬೇಡಿಕೊಳ್ಳುವವಳಲ್ಲ. ಆದರೂ ಅನುಭವಿಸಬೇಕು.

ಸೆಪ್ಟೆಂಬರ್ 14, ಶನಿವಾರ

ಎರಡನೇ ವೀಕ್ಷಣೆ ಮುಗಿಯಿತು. ಅದೇ ಮೋಡ, ಅದೇ ಗೆರೆ. ಮೊದಲಿನದು ಮಾರ್ಚ್, ಇದು ಸೆಪ್ಟೆಂಬರ್. ಎರಡೂ ಸಲ ಸಿಕ್ಕರೆ ಯಾರೂ ಪ್ರಶ್ನೆ ಮಾಡುವಂತಿಲ್ಲ. ಡೇಟಾ ಶುದ್ಧ ಮಾಡುವ ಕೆಲಸ ಮತ್ತೆ ಯಾರದು? ಕೇಳುವುದೇ ಬೇಡ.

ಸೆಪ್ಟೆಂಬರ್ 17, ಮಧ್ಯಾಹ್ನ 3

ಗೆರೆ ಇದೆ. ಆದರೆ...

ಇದ್ದಲ್ಲೇ ಇದೆ. ಒಂದು ಕೂದಲೆಳೆಯಷ್ಟೂ ಸರಿದಿಲ್ಲ.

ಸರಿಯಲೇಬೇಕಿತ್ತು. ಮಾರ್ಚಿನಲ್ಲಿ ಭೂಮಿ ಆ ಮೋಡದ ಕಡೆಗೆ ಓಡುತ್ತಿರುತ್ತದೆ. ಸೆಪ್ಟೆಂಬರಿನಲ್ಲಿ ಅದರಿಂದ ದೂರ. ಆಕಾಶದ್ದೇ ಆದರೆ ಗೆರೆ ಜಾಗ ಬಿಟ್ಟು ಕದಲಬೇಕು. ಬಸ್ಸಿನಲ್ಲಿ ಕೂತವರಿಗೆ ಗೋಳಗುಮ್ಮಟ ಹಿಂದೆ ಸರಿಯುತ್ತದೆ, ಗಿಡ ಸರಿಯುತ್ತದೆ, ಕಿಟಕಿಯ ಗಾಜಿನ ಮೇಲೆ ಕೂತ ನೊಣ ಸರಿಯುವುದಿಲ್ಲ. ಅದು ನಮ್ಮ ಜೊತೆಗೇ ಬಸ್ಸಿನಲ್ಲಿದೆ.

ಇದು ನೊಣ. ಇಲ್ಲಿಯದೇ, ಭೂಮಿಯದೇ ಸಿಗ್ನಲ್. ಯಾವುದೋ ಟವರು, ಯಾವುದೋ ಮಷೀನು. ಮಾರ್ಚಿನಲ್ಲಿ ಹಣೆಬರಹಕ್ಕೆ ಸರಿಯಾಗಿ ಅಣುವಿನ ಜಾಗದಲ್ಲೇ ಬಂದು ಕೂತಿತ್ತು. ಅಣು ಇಲ್ಲ. ಎಂದೂ ಇರಲಿಲ್ಲ. ನನಗೂ ಇಲ್ಲ, ಅವರಿಗೂ ಇಲ್ಲ.

3.40

ಸರ್‌ಗೆ ಫೋನ್ ಹಚ್ಚಿದೆ. ಒಂದು ಸಲ ರಿಂಗಾಯಿತು. ಮೇಜಿನ ಮೇಲೆ ಆ ಮುದುರಿದ ಕಪ್ಪು. ಕಟ್ ಮಾಡಿದೆ.

ಸೆಪ್ಟೆಂಬರ್ 18

ಹೇಳಿಬಿಟ್ಟೆ. ನಿಜವನ್ನಲ್ಲ.

"ಸರ್, ಸೆಪ್ಟೆಂಬರಿನ ಡೇಟಾ ಕೆಟ್ಟೈತ್ರಿ. ಸಿಡ್ಲ ಹೊಡದಾವ, ಅರ್ಧ ಆಂಟೆನಾ ಬಂದಿಲ್ಲ. ಏನೂ ಕಾಣೂದಿಲ್ಲ."

ಇಡೀ ಲ್ಯಾಬಿನ ಮುಂದೆ ಬೈದರು. "ನಿನ್ನ ಕೈಯಾಗ ಕೊಟ್ಟದ್ದ ತಪ್ಪಾತು ನಂದು! ಒಂದು ಕೆಲಸ ನೆಟ್ಟಗ ಬರೂದಿಲ್ಲ." ಬೈಸಿಕೊಳ್ಳುತ್ತಾ ನಿಂತೆ. ಒಳಗೆ ಎಷ್ಟು ತಂಪಾಯಿತೆಂದರೆ, ಬೇಸಿಗೆಯಲ್ಲಿ ಮಜ್ಜಿಗೆ ಕುಡಿದ ಹಾಗೆ. ಬೈಯಿರಿ ಸರ್, ಇನ್ನೂ ಬೈಯಿರಿ!

ಕೊನೆಗೆ, "ಇರ್ಲಿ, ಮಾರ್ಚಿಂದು ಸಾಕು. ಪೇಪರ್ ಕಳಸೋಣು." ಅವಸರ ಅವರಿಗೆ. ಪುಣೆಯ ಅರ್ಜಿಗೆ ಶರ್ವರಿಯ ಹೆಸರು ಬೇಕಲ್ಲ.

ವೀಕ್ಷಣೆ ಮಾಡಿದವರ ಬಳಿ ಡೇಟಾ ಒಂದು ವರ್ಷ ಗುಟ್ಟಾಗಿರುತ್ತದೆ. ಮುಂದಿನ ಸೆಪ್ಟೆಂಬರ್ 14ಕ್ಕೆ ಜಗತ್ತಿಗೆಲ್ಲ ತೆರೆದುಕೊಳ್ಳುತ್ತದೆ. ಯಾವನೋ ಒಬ್ಬ ತೆಗೆದು ನೋಡುತ್ತಾನೆ. ಹತ್ತು ನಿಮಿಷ ಸಾಕು. ಆಮೇಲೆ ಪ್ರೊಫೆಸರ್ ಸುಶೀಲೇಂದ್ರ ಅವರು ಹೊಸ ಅಣುವಿನ ಮೇಲೆ ಉಪನ್ಯಾಸ ಕೊಡಲಿ. ನಾನೇ ಪ್ರೊಜೆಕ್ಟರ್ ಹೊರುತ್ತೇನೆ. ಮಾಡಿದ್ದುಣ್ಣೋ ಮಹಾರಾಯ.

ಸೆಪ್ಟೆಂಬರ್ 20

ಶರ್ವರಿ ಲ್ಯಾಬಿಗೆ ಬಂದು ಪಕ್ಕದಲ್ಲಿ ಕೂತಳು. ಜುಲೈ ನಂತರ ನಾವು ಸರಿಯಾಗಿ ಮಾತಾಡಿಲ್ಲ.

"ಆ ಡೇಟಾ ನಾನೊಮ್ಮೆ ನೋಡ್ಲೇನು? ನಿಂಗ ಸುಮ್ಮ ಬೈದಾರ ಕಾಕಾ. ಏನರ ಉಳದಿದ್ರ ಇಬ್ಬರೂ ಕೂಡಿ ತಗಿಯೋಣು."

"ಅಳಿಸೀನಿ."

"ಅಳಿಸಿದಿ?"

"ಕಸ ಇಟ್ಕೊಂಡು ಏನ ಮಾಡ್ಲಿ?"

ನನ್ನ ಮುಖ ನೋಡಿದಳು. ನಂಬಿದಳು. ನಾನು ಹೇಳಿದ್ದನ್ನೆಲ್ಲ ನಂಬುತ್ತಾಳೆ ಆ ಪೆದ್ದಿ. ಮುಳುಗುವ ಪೇಪರಿನಲ್ಲಿ ಮೊದಲ ಹೆಸರು ಅವಳದೇ ಅಂತ ನನಗೆ ಗೊತ್ತು. ಗೊತ್ತಿದ್ದೇ ಹೇಳಿದೆ. ಅವತ್ತು ಕಪ್ಪಿನ ಅಂಚು ತಿರುವುತ್ತಾ ಕೂತಿದ್ದಳಲ್ಲ, ಇವತ್ತೂ ತಿರುವಲಿ.

ಡಿಸೆಂಬರ್ 11

ಪೇಪರನ್ನು ಪರೀಕ್ಷಿಸಿದವರಿಂದ ಪ್ರಶ್ನೆ ಬಂದಿದೆಯಂತೆ. ಎರಡನೇ ವೀಕ್ಷಣೆ ಏನಾಯಿತು, ವಿವರಿಸಿ ಅಂತ. ಶರ್ವರಿ ಹೇಳಿದಳು. "ಕಾಕಾ ಎರಡು ದಿನದಿಂದ ಖೋಲಿ ಬಾಗಿಲಾ ಹಾಕ್ಕೊಂಡು ಏನೇನೋ ಡೌನ್‌ಲೋಡ್ ಮಾಡ್ಲಿಕ್ಕತ್ತಾರ. ಊಟಕ್ಕ ಕರದ್ರೂ ಬರೂದಿಲ್ಲ."

ಹಳೆಯ ಪೇಪರುಗಳಿರಬೇಕು. ಅವರು ಡೇಟಾ ಮುಟ್ಟಿ ಹತ್ತು ವರ್ಷವಾಗಿದೆ.

ಜನವರಿ 22

ಕಾಲೇಜಿನ ಮೆಟ್ಟಿಲ ಮೇಲೆ ಶರ್ವರಿ ಅಡ್ಡ ಬಂದಳು. ಫಾರ್ಮಿಗೆ ಸಹಿ ಬೇಕಂತೆ, ಫೆಲೋಶಿಪ್‌ದು. ಬಸ್ಸಿನ ಹೊತ್ತಾಗಿತ್ತು. ಗೋಡೆಗೆ ಹಿಡಿದು ಗೀಚಿ ಕೊಟ್ಟೆ. ಅವಳ ಕಣ್ಣು ಊದಿಕೊಂಡಿದ್ದವು. ಯಾಕೆ ಅಂತ ಕೇಳಲಿಲ್ಲ. ಕೇಳಿದರೆ ಕರಗಿಬಿಡುತ್ತೇನೆ ಅಂತ ಹೆದರಿಕೆ.

ಫೆಬ್ರವರಿ 23, ಭಾನುವಾರ. ಘೋಣಸಗಿ

ಕೈ ಓಡುತ್ತಿಲ್ಲ. ಆದರೂ ಬರೆಯಬೇಕು.

ಹನ್ನೊಂದರ ಬಸ್ಸಿಗೆ ಶರ್ವರಿ ಬಂದಳು. ಒಬ್ಬಳೇ. ನಮ್ಮ ಮನೆಗೆ ಇದೇ ಮೊದಲು. ಅವ್ವ ಗಡಿಬಿಡಿಯಾಗಿ ಸೆರಗಿನಿಂದ ಕುರ್ಚಿ ಒರೆಸಿದಳು.

"ಕುರ್ಚಿ ಬ್ಯಾಡ ಬಿಡ್ರಿ ಮಾಲಾವ್ವಾರ," ಅಂದು ಶರ್ವರಿ ಚಾಪೆಯ ಮೇಲೆ ಅವ್ವನ ಪಕ್ಕ ಕೂತಳು. ರೊಟ್ಟಿ, ಶೇಂಗಾ ಹಿಂಡಿ ಹಾಕಿಸಿಕೊಂಡು ತಿಂದಳು. ನಮ್ಮ ಚೊಂಬಿನಿಂದಲೇ ನೀರು ಕುಡಿದಳು. ಆಮೇಲೆ ಬ್ಯಾಗಿನಿಂದ ಕಾಗದ ತೆಗೆದು ನನ್ನ ತೊಡೆಯ ಮೇಲಿಟ್ಟಳು.

ಪೇಪರು. ಅಚ್ಚಾಗಿದೆ. ಮೊದಲ ಹೆಸರು ನನ್ನದು, ಸಪ್ನಾ ಡಿ. ಘೋಣಸಗಿ.

"ಆವತ್ತು ನಾ ಬಾಯಿ ತಗೀಲಿಲ್ಲ. ಆರು ತಿಂಗಳು ನಿದ್ದಿ ಮಾಡಿಲ್ಲ ನಾ," ಅಂದಳು. "ಕಾಕಾನ ಕೂಡ ಜಗಳಾಡಿದೆ. ಅಜ್ಜಿ ಕೂಡ ಮಾತ ಬಿಟ್ಟೀನಿ. ಮೊದಲನೇ ಹೆಸರು ಸಪ್ನಾಂದು ಇರಲಿಲ್ಲಂದ್ರ ಎಲ್ಲಾರಿಗೂ ಬರದು ತಿಳಸ್ತೀನಿ ಅಂದೆ. ಮೆಟ್ಟಲ ಮ್ಯಾಲೆ ಸಹಿ ಮಾಡಿದ್ಯಲ್ಲ, ಆ ಫಾರ್ಮು ಇದರದ್ದ ಇತ್ತು. ನಿಂಗ ಹೇಳಿದ್ರ ಎಲ್ಲಿ ಸ್ವಾಭಿಮಾನ ಅಂತ ಬ್ಯಾಡಂತಿಯೋ ಅಂತ ಸುಳ್ಳು ಹೇಳಿದೆ."

ಎರಡನೇ ಹೆಸರು ಶರ್ವರಿ. ಅಷ್ಟೇ. ಮೂರನೆಯದಿಲ್ಲ.

"ಸರ್ ಹೆಸರು?"

"ನಂಗ ಬ್ಯಾಡ, ಹುಡುಗೂರದ್ದ ಇರ್ಲಿ ಅಂದ್ರು. ನಂಗೂ ಆಶ್ಚರ್ಯಾತು. ಏನ ಅಂದ್ರೂ ದೊಡ್ಡ ಮನಸು ಮಾಡಿದ್ರು. ಪುಣೆಕ್ಕ ನಾ ಅರ್ಜಿ ಹಾಕಿಲ್ಲ. ನೀ ಹಾಕು."

ಕಾಲೇಜಿನ ಕ್ಯಾಂಟೀನಿನ ಬೋರ್ಡಿನ ಮೇಲೂ ಹೆಸರು ಹಾಕಿಸಿಕೊಂಡ ಮನುಷ್ಯ. ತಾನೇ ತನ್ನ ಹೆಸರು ತೆಗೆಸಿದ?

ನಾಲ್ಕನೇ ಪುಟದಲ್ಲಿ ಒಂದು ಸಾಲು. ಎರಡನೇ ವೀಕ್ಷಣೆಯ ಡೇಟಾವನ್ನು ಸಪ್ನಾ ಅವರು ಪರಿಶೀಲಿಸಿದ್ದಾರೆ, ಅದು ಸಂಪೂರ್ಣ ಹಾಳಾಗಿತ್ತು. ಶರ್ವರಿ ಬರೆದದ್ದು. ನನ್ನ ಮಾತನ್ನೇ ಬರೆದಿದ್ದಾಳೆ.

ಅವ್ವ ಕಾಗದದ ಮೇಲೆ ನನ್ನ ಹೆಸರಿದ್ದಲ್ಲಿ ಬೆರಳಿಟ್ಟು ಕೇಳಿದಳು. "ಇದನ ಏನ ಬೇ? ಇದ ನೀನಾ?" ಓದು ಬರುವುದಿಲ್ಲ ಅವಳಿಗೆ. ಒಣದ್ರಾಕ್ಷಿ ಆರಿಸಿ ಆರಿಸಿ ಕರ್ರಗಾದ ಬೆರಳು.

ಹೂಂ ಅಂದೆ.

ಶರ್ವರಿ ಅತ್ತಳು. ಅವ್ವ ಅತ್ತಳು. ನಾನು ಅಳಲಿಲ್ಲ. ಅವಳನ್ನು ಬಸ್ಸಿಗೆ ಹತ್ತಿಸುವಾಗ ಹೇಳಿಬಿಡಬೇಕು ಅಂತ ಬಾಯಿ ತೆರೆದೆ. "ಶರ್ವರಿ..." ಅಂದೆ. "ಥ್ಯಾಂಕ್ಸ್ ಅನಬ್ಯಾಡ ಮತ್ತ, ಹೊಡೀತೀನಿ," ಅಂದು ಹತ್ತಿಬಿಟ್ಟಳು. ಕಿಟಕಿಯಿಂದ ಕೈ ಬೀಸಿದಳು.

ಮಾರ್ಚ್ 3

ಇವತ್ತು ಹೇಳುತ್ತೇನೆ.

ಮಾರ್ಚ್ 4

ಹೇಳಲಿಲ್ಲ.

ಮಾರ್ಚ್ 27

ಪುಣೆಯಿಂದ ಪತ್ರ. ಆಯ್ಕೆಯಾಗಿದ್ದೇನೆ. ಜುಲೈಗೆ ಸೇರಬೇಕು. ಅಪ್ಪ ಬಬಲೇಶ್ವರದ ಶಾಲೆಯಲ್ಲಿ ಮಾಸ್ತರರಿಗೆಲ್ಲ ಪೇಢೆ ಹಂಚಿದ. ಗಣಿತದ ಮಾಸ್ತರರು ಅಪ್ಪನನ್ನು ಸ್ಟಾಫ್ ರೂಮಿನ ಕುರ್ಚಿಯಲ್ಲಿ ಕೂರಿಸಿ ಚಹಾ ಕೊಟ್ಟರಂತೆ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಅಲ್ಲಿ ಕೂತದ್ದು ಇದೇ ಮೊದಲು. ಮನೆಗೆ ಬಂದು ನಾಲ್ಕು ಸಲ ಹೇಳಿದ.

ಏಪ್ರಿಲ್ 12, ಶನಿವಾರ

ಸರ್ ಕರೆಸಿದ್ದರು. ಜೋರಾಪುರ ಪೇಟೆ.

"ಬಾರವಾ, ಅಭಿನಂದನ. ಪೇಪರ್ ಛಲೋ ಬಂದದ."

"ಸರ್, ನಿಮ್ಮ ಹೆಸರು ಯಾಕ ತಗಿಸಿದ್ರಿ?"

ಚಷ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ನಿಧಾನಕ್ಕೆ. "ಅರ್ಧ ಆಂಟೆನಾ ಬಂದಿಲ್ಲ ಅಂದಿದ್ದಿ. ಯಾವ ಅರ್ಧ? ನಾ ಡಿಸೆಂಬರ್‌ದಾಗ ತಗದು ನೋಡಿದೆ. ಎಲ್ಲಾ ಬಂದಿದ್ವು. ಗೆರಿನೂ ಇತ್ತು. ಇದ್ದಲ್ಲೇ ಇತ್ತು."

"ಆವಾಗ ಹೇಳಬೇಕಿತ್ತಲ್ರಿ ಸರ್. ಪೇಪರ್ ನಿಲ್ಲಸಬೇಕಿತ್ತು."

"ನೀ ಹೇಳಿದಿಯೇನು ನನಗ?"

"ಶರ್ವರಿ ಹೆಸರೂ ಐತ್ರಿ ಅದರಾಗ. ನಿಮ್ಮ ಅಣ್ಣನ ಮಗಳ್ರಿ ಆಕಿ."

"ಮನ್ಯಾಗ ಹೇಳಿದ್ದ ಕೇಳಲಿಲ್ಲಂದ್ರ ಹೊರಗ ಹೋಗಿ ಕಲೀತಾರ." ಚಷ್ಮಾ ಹಾಕಿಕೊಂಡರು. "ಮುಂದ ಯಾರರ ಕೇಳಿದ್ರ ನನಗೇನೂ ಗೊತ್ತಿಲ್ಲ ನೋಡವಾ. ಡೇಟಾ ನೋಡಿದಾಕಿ ನೀನು. ಹಂಗಂತ ಅಚ್ಚಾಗೇದ."

ಆನಂದೀಬಾಯಿ ಚಹಾ ತಂದರು. "ಪುಣೆಕ್ಕ ಹೊಂಟೀಯಂತ? ಛಲೋ ಆತು ತಂಗಿ." ಸ್ಟೀಲಿನ ಕಪ್ಪಿನಲ್ಲಿ ಕೊಟ್ಟರು. ಕುಡಿದೆ. ಪೂರ್ತಿ ಕುಡಿದೆ. ನಾಲಿಗೆ ಸುಟ್ಟಿತು.

ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಸುಮ್ಮನಿದ್ದೆವು. ಅವರು ಮುಳುಗಲಿ ಅಂತ ನಾನು, ನಾನು ಮುಳುಗಲಿ ಅಂತ ಅವರು. ಗೊತ್ತಿಲ್ಲದವಳು ಒಬ್ಬಳೇ.

ಏಪ್ರಿಲ್ 14, ಸೋಮವಾರ. ಘೋಣಸಗಿ

ಬಾಬಾಸಾಹೇಬರ ಜಯಂತಿ. ಸಮುದಾಯ ಭವನದ ಮುಂದೆ ಪೆಂಡಾಲು, ನೀಲಿ ಪತಾಕೆ. ನನಗೆ ಸನ್ಮಾನ. ಬ್ಯಾನರಿನ ಮೇಲೆ ನನ್ನ ಫೋಟೋ, ಕೆಳಗೆ 'ಆಕಾಶದಲ್ಲಿ ಹೊಸ ಅಣು ಕಂಡ ನಮ್ಮೂರ ಮಗಳು'. ಅಜ್ಜ ರಾಯಪ್ಪ ಬೆಳಿಗ್ಗೆಯಿಂದ ಅದರ ಕೆಳಗೇ ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ಹೋಗಿಬರುವವರಿಗೆಲ್ಲ, "ನನ್ನ ಮೊಮ್ಮಗಳ್ರಿ," ಅನ್ನುತ್ತಾನೆ.

ಶರ್ವರಿಯೂ ಬಂದಿದ್ದಾಳೆ. ಈಗ ಅವಳಿಗೆ ಗೈಡ್ ಇಲ್ಲ, ಸೀಟಿಲ್ಲ, ಕಾಕಾನ ಮನೆಯ ಬಾಗಿಲೂ ಇಲ್ಲ. ಅವ್ವನ ನೀಲಿ ಸೀರೆ ಉಟ್ಟುಕೊಂಡು ಒಳಗೆ ಅವ್ವನ ತಲೆಗೆ ಹೂವು ಮುಡಿಸುತ್ತಿದ್ದಾಳೆ. ನಗು ಕೇಳಿಸುತ್ತಿದೆ.

ಬೆಳಿಗ್ಗೆ ಒಂದು ಮೇಲ್ ಬಂದಿದೆ. ಕೊರಿಯಾದ ಒಬ್ಬ ಸಂಶೋಧಕ. ಬಹಳ ಸಭ್ಯ. ಪೇಪರು ಓದಿ ಸಂತೋಷವಾಯಿತು, ಹಾಳಾದ ಡೇಟಾವನ್ನು ಸರಿಪಡಿಸುವುದೇ ನನ್ನ ಕೆಲಸ, ಸೆಪ್ಟೆಂಬರಿನದನ್ನು ಕಳಿಸುತ್ತೀರಾ, ಇಲ್ಲದಿದ್ದರೂ ಚಿಂತೆಯಿಲ್ಲ, ಐದು ತಿಂಗಳಲ್ಲಿ ಹೇಗೂ ತೆರೆದುಕೊಳ್ಳುತ್ತದೆ, ಕಾಯುತ್ತೇನೆ ಅಂತ.

ಡೇಟಾ ನನ್ನ ಲ್ಯಾಪ್‌ಟಾಪಿನಲ್ಲೇ ಇದೆ. ಅಳಿಸಿರಲಿಲ್ಲ. ಅಳಿಸಿದ್ದೇನೆ ಅಂದದ್ದೂ ಸುಳ್ಳೇ.

ಉತ್ತರ ಬರೆಯಲು ಕೂತೆ. 'ಮಾನ್ಯರೇ, ಆ ಗೆರೆ ಮೋಡದ್ದಲ್ಲ. ಇದು ನನಗೆ ಸೆಪ್ಟೆಂಬರ್ 17ರಿಂದ ಗೊತ್ತಿತ್ತು. ಶರ್ವರಿಗೆ ಗೊತ್ತಿರಲಿಲ್ಲ.' ಇಷ್ಟು ಬರೆದಿದ್ದೇನೆ. ಮೂರು ವಾಕ್ಯ. ಕೊನೆಯದೊಂದನ್ನೇ ಎರಡು ಸಲ ಓದಿದೆ. ಕಳಿಸಿದರೆ ಅವಳ ಹೆಸರಾದರೂ ಉಳಿದೀತು. ಅಪ್ಪನ ಸ್ಟಾಫ್ ರೂಮಿನ ಕುರ್ಚಿ ಹೋಗುತ್ತದೆ. ಪುಣೆ ಹೋಗುತ್ತದೆ. ಆ ಬ್ಯಾನರು...

ಮೈಕಿನಲ್ಲಿ ನನ್ನ ಹೆಸರು ಕೂಗುತ್ತಿದ್ದಾರೆ. ಎರಡನೇ ಸಲ. ಶರ್ವರಿ ಬಾಗಿಲಲ್ಲಿ ನಿಂತು, "ಏಳಲೇ, ನಿಮ್ಮಪ್ಪಾರು ವೇದಿಕೆ ಮ್ಯಾಲೆ ನಿಂತಾರ! ಏನ ಬರಿಯಾಕತ್ತಿ, ತೋರಸು," ಅನ್ನುತ್ತಾ ಹತ್ತಿರ ಬರುತ್ತಿದ್ದಾಳೆ. ಲ್ಯಾಪ್‌ಟಾಪ್ ತೆರೆದೇ ಇದೆ. ಮುಚ್ಚಲು ಕೈ ಬರುತ್ತಿಲ್ಲ.